ಕಾರವಾರದಲ್ಲಿ ರೇಸ್ ಕಾರು ಕಟ್ಟುವುದು: ಕಟ್ಟಿ ಹೋಗಿಬಂದವರು ಹೇಳಿದ್ದು

ಪ್ರಶ್ನೆ: ಕಾರವಾರ, ಮೆಕ್ಯಾನಿಕಲ್ ಎರಡನೇ ವರ್ಷದ ವಿದ್ಯಾರ್ಥಿನಿ

ನಾವು ಹನ್ನೊಂದು ಮಂದಿ ಸೇರಿ, ವಿದ್ಯಾರ್ಥಿಗಳೇ ರೇಸ್ ಕಾರು ಕಟ್ಟಿ ಓಡಿಸುವ ಫಾರ್ಮುಲಾ ಭಾರತ್ ಸ್ಪರ್ಧೆಗೆ ಪೆಟ್ರೋಲ್ ಕಾರೊಂದನ್ನು ಕಟ್ಟಲು ಹೊರಟಿದ್ದೇವೆ. ನಮ್ಮಲ್ಲಿ ಇದುವರೆಗೆ ಯಾರೂ ಹೋದವರಿಲ್ಲ. ಹಿರಿಯರು ಎಂದೋ ಕಲ್ಲು-ಕೆಸರಿನ ದಾರಿಯಲ್ಲಿ ಓಡುವ ಕಾರುಗಳ ಬಾಹಾ ಸ್ಪರ್ಧೆಗೆಂದು ಆರಂಭಿಸಿ ಅರ್ಧಕ್ಕೆ ಬಿಟ್ಟ ಚೌಕಟ್ಟೊಂದು ಶೆಡ್ಡಿನಲ್ಲಿ ತುಕ್ಕು ಹಿಡಿದು ಬಿದ್ದಿದೆ. ಅಪಘಾತವಾದ ಕೆಟಿಎಂ 390 ಬೈಕಿನ ಎಂಜಿನ್ ಕಡಿಮೆ ಬೆಲೆಗೆ ಸಿಗುವಂತಿದೆ. ಹುಡುಗರಿಗೆ ಈಗಲೇ ಕಾರನ್ನು ಗಾಳಿಯಿಂದ ನೆಲಕ್ಕೊತ್ತುವ ಹಿಂಬದಿಯ ರೆಕ್ಕೆಯ ಚಿಂತೆ. ಇಲ್ಲಿ ಟ್ರ್ಯಾಕ್ ಇಲ್ಲ, ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಯಂತ್ರದಲ್ಲಿ ಲೋಹ ಕೊರೆಯುವ) ಕೆಲಸಕ್ಕೆ ಹುಬ್ಬಳ್ಳಿಗೋ ಬೆಳಗಾವಿಗೋ ಹೋಗಬೇಕು, ಜೂನ್ ಬಂತೆಂದರೆ ನಾಲ್ಕು ತಿಂಗಳು ಮಳೆ. ಕರಾವಳಿಯಲ್ಲೋ ಘಟ್ಟದ ಮೇಲೋ ಕುಳಿತು ಕಾರು ಕಟ್ಟಿದವರು ಇದ್ದರೆ ದಯವಿಟ್ಟು ಹೇಳಿ: ಮೊದಲು ಯಾವುದಕ್ಕೆ ಕೈ ಹಾಕಬೇಕು?

ಶಿರಸಿ, ಹಿಂದೆ ತಂಡದ ನಾಯಕನಾಗಿದ್ದವನು

ರೆಕ್ಕೆಯ ಮಾತನ್ನು ಇವತ್ತೇ ನಿಲ್ಲಿಸಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ನಮ್ಮ ಮೊದಲ ವರ್ಷದಲ್ಲೂ ಎರಡು ತಿಂಗಳು ಇದೇ ಚರ್ಚೆಗೆ ಹೋಯಿತು. ಕೊನೆಗೆ ರೆಕ್ಕೆಯೂ ಆಗಲಿಲ್ಲ, ಕಾರು ತನ್ನ ಕಾಲ ಮೇಲೆ ಓಡಿದ್ದು ಲಾರಿ ಹತ್ತುವ ನಾಲ್ಕು ದಿನ ಮೊದಲು.

ಕೈ ಹಾಕಬೇಕಾದದ್ದು ನಿಯಮಪುಸ್ತಕಕ್ಕೆ. ಒಬ್ಬರು ಓದಿ ಉಳಿದವರಿಗೆ ಹೇಳುವುದಲ್ಲ, ಹನ್ನೊಂದು ಮಂದಿಯೂ ಓದಬೇಕು. ಏಕೆಂದರೆ ಮೊದಲ ಬಾರಿ ಹೋಗುವ ತಂಡಗಳು ಸೋಲುವುದು ಟ್ರ್ಯಾಕಿನಲ್ಲಲ್ಲ, ತಪಾಸಣೆಯ ಸಾಲಿನಲ್ಲಿ. ಒಟ್ಟು 1000 ಅಂಕಗಳಲ್ಲಿ ವಿನ್ಯಾಸಕ್ಕೆ 150, ವೆಚ್ಚದ ವರದಿಗೆ 100, ವ್ಯಾಪಾರ ಯೋಜನೆಗೆ 75. ಈ 325 ಅಂಕಗಳಿಗೆ ಕಾರು ಒಂದಡಿಯೂ ಚಲಿಸಬೇಕಾಗಿಲ್ಲ. ಉಳಿದದ್ದಕ್ಕೆಲ್ಲ ತಪಾಸಣೆಯ ಸ್ಟಿಕ್ಕರ್ ಬೇಕು. ಎಂಜಿನ್ನಿಗೆ ಗಾಳಿ ಹೋಗುವ ದಾರಿಯಲ್ಲಿ ಶಕ್ತಿಗೆ ಮಿತಿ ಹಾಕುವ 20 ಮಿಲಿಮೀಟರಿನ ಕಿರಿದಾದ ಕತ್ತು ಇರಬೇಕು, ಅದನ್ನು ಅಳೆದು ನೋಡುತ್ತಾರೆ. ಕಾರನ್ನು 60 ಡಿಗ್ರಿ ವಾಲಿಸುತ್ತಾರೆ. ಚಕ್ರ ಏಳಬಾರದು, ಪೆಟ್ರೋಲ್ ಸೋರಬಾರದು. ಚಾಲಕ 5 ಸೆಕೆಂಡಿನಲ್ಲಿ ಹೊರಗೆ ಬರಬೇಕು.

ನಾವು ಸಿಕ್ಕಿಬಿದ್ದದ್ದು ಇನ್ನೂ ಚಿಕ್ಕದಕ್ಕೆ. ಚಾಲಕನ ಗೂಡಿನೊಳಗೆ ಮೇಲಿನಿಂದ ಒಂದು ಅಚ್ಚನ್ನು ಇಳಿಸಿ ನೋಡುತ್ತಾರೆ. ಅದು ಎಲ್ಲಿಯೂ ತಾಗದೆ ಕೆಳಗೆ ಹೋಗಬೇಕು. ನಮ್ಮದರಲ್ಲಿ ಅರ್ಧಕ್ಕೆ ನಿಂತಿತು. ಸ್ಟಿಯರಿಂಗ್ ಕಂಬಕ್ಕೆಂದು ಕೊನೆಯ ವಾರ ಬೆಸೆದಿದ್ದ ಒಂದು ಪಟ್ಟಿ ಬೆರಳಿನ ಅರ್ಧ ದಪ್ಪದಷ್ಟು ಒಳಗೆ ಬಂದಿತ್ತು. ರಾತ್ರಿ ಹನ್ನೊಂದಕ್ಕೆ ಮೊಬೈಲ್ ಬೆಳಕಿನಲ್ಲಿ ಹ್ಯಾಕ್ಸಾ ಹಿಡಿದು ಅದನ್ನು ಕೊಯ್ದೆವು, ಮರುದಿನದ ಒಂದು ಸುತ್ತು ಹೋಯಿತು. ಆ ಅಚ್ಚಿನ ಅಳತೆ ಪುಸ್ತಕದಲ್ಲೇ ಇದೆ. ಶಿರಸಿಯ ಯಾವ ಬಡಗಿಯಾದರೂ ಪ್ಲೈವುಡ್ಡಿನಲ್ಲಿ ಅರ್ಧ ಗಂಟೆಯಲ್ಲಿ ಕೊಯ್ದುಕೊಡುತ್ತಿದ್ದ. ಎರಡನೇ ವರ್ಷ ಅದನ್ನು ಶೆಡ್ಡಿನ ಗೋಡೆಗೆ ತೂಗುಹಾಕಿ, ಏನನ್ನೇ ಬೆಸೆದರೂ ಕೂಡಲೇ ಇಳಿಸಿ ನೋಡುತ್ತಿದ್ದೆವು.

ಎರಡನೇ ವರ್ಷದ ಕಥೆ ಬೇರೆ. ತಪಾಸಣೆ ದಾಟಿತು, 22 ಕಿಲೋಮೀಟರಿನ ದೀರ್ಘ ಓಟಕ್ಕೂ ನಿಂತೆವು. ಅರ್ಧದಲ್ಲಿ ಎಂಜಿನ್ ನಿಲ್ಲಿಸಿ ಚಾಲಕ ಬದಲಾಗಬೇಕು. ಬದಲಾದ. ಗುಂಡಿ ಒತ್ತಿದ. ಸ್ಟಾರ್ಟರ್ ಎರಡು ಸಲ ಕೊರಗಿ ಸುಮ್ಮನಾಯಿತು. ತಣ್ಣಗಿದ್ದಾಗ ಒಂದೇ ಒತ್ತಿಗೆ ಏಳುತ್ತಿದ್ದ ಎಂಜಿನ್ ಅದು. ಓಡುವಾಗ ನೀರು ಸುತ್ತುತ್ತಿರುತ್ತದೆ. ನಿಲ್ಲಿಸಿದೊಡನೆ ಒಳಗಿನ ಬಿಸಿ ಪೂರಾ ಸಿಲಿಂಡರಿಗೂ ಇಂಧನದ ಕೊಳವೆಗೂ ಏರುತ್ತದೆ. ತೂಕ ಉಳಿಸಲೆಂದು ಹಾಕಿದ್ದ ಪುಟ್ಟ ಬ್ಯಾಟರಿಯ ಉಸಿರನ್ನು ಫ್ಯಾನು ಆಗಲೇ ಕುಡಿದು ಮುಗಿಸಿತ್ತು. ಅಷ್ಟು ತಿಂಗಳಲ್ಲಿ ಕಾರನ್ನು ಬಿಸಿಯಾಗಿ ಓಡಿಸಿ, ನಿಲ್ಲಿಸಿ, ಮತ್ತೆ ಎಬ್ಬಿಸಿ ನೋಡಿದವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ. ಅರ್ಧ ಓಡಿದ್ದಕ್ಕೆ ಅರ್ಧ ಅಂಕ ಎಂಬುದು ಆ ಓಟದಲ್ಲಿಲ್ಲ.

ಆದ್ದರಿಂದ ಪಂಚಾಂಗವನ್ನು ಸ್ಪರ್ಧೆಯ ದಿನದಿಂದ ಹಿಂದಕ್ಕೆ ಬರೆಯಿರಿ. ಮೇ ಮುಗಿಯುವುದರೊಳಗೆ ಚೌಕಟ್ಟು ಬೆಸೆದಿರಬೇಕು. ಮಳೆಗಾಲದಲ್ಲಿ ಎಂಜಿನ್, ವೈರಿಂಗ್, ವರದಿಗಳು. ದಸರೆಯ ಹೊತ್ತಿಗೆ ಕಾರು ಚಕ್ರದ ಮೇಲೆ ನಿಂತಿರಬೇಕು. ದೀಪಾವಳಿಯಿಂದ ಮುಂದೆ ಓಡಿಸುವುದು, ಮುರಿಯುವುದು, ರಿಪೇರಿ ಮಾಡುವುದು, ಅಷ್ಟೇ. ನಡುವೆ ಪರೀಕ್ಷೆಗಳು ಬಂದೇ ಬರುತ್ತವೆ, ಅವುಗಳ ಮೂರು ವಾರವನ್ನು ಲೆಕ್ಕದಿಂದ ಈಗಲೇ ಕಳೆಯಿರಿ.

ಕುಮಟಾ, ಬೆಸುಗೆ ಮತ್ತು ಬಾಡಿ

ಮೇ ಒಳಗೆ ಬೆಸೆಯಿರಿ ಎಂದವರು ಘಟ್ಟದ ಮೇಲಿನವರು, ಅವರಿಗೆ ನಮ್ಮ ಮಧ್ಯಾಹ್ನದ ಗಾಳಿ ಗೊತ್ತಿಲ್ಲ. ಟಿಗ್ ಎಂಬ ವಿದ್ಯುತ್ ಬೆಸುಗೆಯಲ್ಲಿ ಕರಗಿದ ಲೋಹವನ್ನು ಕಾಪಾಡುವುದು ಆರ್ಗಾನ್ ಅನಿಲದ ತೆಳುವಾದ ಮುಸುಕು. ಹನ್ನೆರಡರ ನಂತರ ಕಡಲ ಕಡೆಯಿಂದ ಬೀಸುವ ಗಾಳಿ ಅದನ್ನು ಹಾರಿಸಿಕೊಂಡು ಹೋಗುತ್ತದೆ. ಬೆಳಿಗ್ಗೆ ಹಾಕಿದ ಬೆಸುಗೆ ಜೋಡಿಸಿಟ್ಟ ನಾಣ್ಯಗಳ ಹಾಗೆ ಹೊಳೆಯುತ್ತಿದ್ದರೆ, ಮಧ್ಯಾಹ್ನದ್ದು ಬೂದು ಬಣ್ಣಕ್ಕೆ ತಿರುಗಿ ಅಲ್ಲಲ್ಲಿ ಸೂಜಿಮೊನೆಯಷ್ಟು ರಂಧ್ರ. ನಮ್ಮ ಬೆಸುಗೆಯವರು ಮೊದಲು ಸಿಲಿಂಡರನ್ನು ಬೈದರು, ಆಮೇಲೆ ನಮ್ಮನ್ನು. ಬಾಗಿಲಿಗೆ ತಾಡಪತ್ರಿ ಕಟ್ಟಿದ ಮೇಲೆ ಎಲ್ಲರೂ ಸುಮ್ಮನಾದರು. ಸಾಧ್ಯವಾದರೆ ಬೆಳಗಿನ ಹೊತ್ತೇ ಬೆಸೆಯಿರಿ.

ಇನ್ನು ತುಕ್ಕು. ಉಜ್ಜಿ ಬೆಳ್ಳಗೆ ಮಾಡಿಟ್ಟ ಕೊಳವೆಯ ತುದಿ ನಮ್ಮಲ್ಲಿ ರಾತ್ರಿ ಕಳೆಯುವುದರೊಳಗೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅವತ್ತು ಬೆಸೆಯುವಷ್ಟನ್ನೇ ಅವತ್ತು ಉಜ್ಜಿ, ಅಸಿಟೋನ್‌ನಲ್ಲಿ ಒರೆಸಿ. ಉಳಿದದ್ದಕ್ಕೆ ಎಣ್ಣೆ ಸವರಿ ಗೋಣಿಚೀಲದಲ್ಲಲ್ಲ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಿ. ಗೋಣಿ ತೇವ ಹೀರಿ ಇಟ್ಟುಕೊಳ್ಳುತ್ತದೆ.

ಕಾರಿನ ಹೊರಮೈಗೆ ಕಾರ್ಬನ್ ಫೈಬರ್ ಕನಸು ಬೇಡ. ನಮ್ಮ ದಂಡೆಯುದ್ದಕ್ಕೂ ಫೈಬರ್ ದೋಣಿಗಳಿಗೆ ತೇಪೆ ಹಾಕುವವರಿದ್ದಾರೆ. ಗಾಜಿನ ನಾರಿನ ಮ್ಯಾಟನ್ನು ಹೇಗೆ ಹರಿದು ಹಾಕಬೇಕು, ಗಾಳಿಯ ಗುಳ್ಳೆಯನ್ನು ರೋಲರಿನಿಂದ ಹೇಗೆ ಹೊರಗೆ ಓಡಿಸಬೇಕು ಎಂಬುದನ್ನು ಅವರು ಒಂದು ಸಂಜೆಯಲ್ಲಿ ಕಲಿಸಿದರು. ಒಂದು ತಿಂಗಳ ವಿಡಿಯೊ ನೋಡಿದರೂ ನಮಗೆ ಅದು ಬಂದಿರಲಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವಾಗ ದೋಣಿಗಳು ದಡದಲ್ಲಿರುತ್ತವೆ, ಆಗ ಅವರಿಗೂ ಕೈತುಂಬ ಕೆಲಸ. ಅದಕ್ಕಿಂತ ಮುಂಚೆ ಹೋಗಿ. ಮಳೆಯ ತೇವದಲ್ಲಿ ಆ ಮ್ಯಾಟಿಗೆ ಹಾಕುವ ರೆಸಿನ್ ಅಂಟು ಸರಿಯಾಗಿ ಗಟ್ಟಿಯಾಗದೆ ಅಂಟಂಟಾಗಿ ಉಳಿಯುವುದೂ ಇದೆ.

ಅಂಕೋಲಾ, ಬ್ರೇಕ್ ನೋಡಿಕೊಳ್ಳುತ್ತಿದ್ದವಳು

ಬ್ರೇಕ್ ಪರೀಕ್ಷೆಯಲ್ಲಿ ಓಡುವ ಕಾರಿನ ನಾಲ್ಕೂ ಚಕ್ರಗಳು ಒಟ್ಟಿಗೆ ಕಚ್ಚಿ ನಿಲ್ಲಬೇಕು. ನಮ್ಮ ಚೀರೆಕಲ್ಲಿನ ಮಣ್ಣಿನ ಮೈದಾನದಲ್ಲಿ ಪ್ರತಿ ಸಲವೂ ನಿಲ್ಲುತ್ತಿದ್ದವು, ನಾವು ಚಪ್ಪಾಳೆ ತಟ್ಟುತ್ತಿದ್ದೆವು. ಸ್ಪರ್ಧೆಯ ಡಾಂಬರಿನ ಮೇಲೆ ಹಿಂದಿನ ಎರಡು ಮಾತ್ರ ನಿಂತವು, ಮುಂದಿನವು ಉರುಳುತ್ತಲೇ ಇದ್ದವು. ಮೂರು ಸಲ ಹೀಗೇ ಆದ ಮೇಲೆ ನಮಗೆ ತಲೆ ಓಡಿತು. ಸಡಿಲ ಮಣ್ಣಿನಲ್ಲಿ ಹಿಡಿತ ಕಡಿಮೆ, ಎಷ್ಟು ಒತ್ತಿದರೂ ಚಕ್ರ ಜಾರುತ್ತದೆ. ಡಾಂಬರಿನಲ್ಲಿ ಟಯರು ನೆಲವನ್ನು ಹಿಡಿದಾಗ ಕಾರಿನ ಭಾರ ಮುಂದಕ್ಕೆ ಬೀಳುತ್ತದೆ; ಮುಂದಿನ ಚಕ್ರಗಳನ್ನು ನಿಲ್ಲಿಸಲು ಬಹಳ ಹೆಚ್ಚು ಬಲ ಬೇಕು, ಹಗುರಾದ ಹಿಂದಿನವು ಮೊದಲೇ ನಿಲ್ಲುತ್ತವೆ. ಬ್ರೇಕಿನ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ, ಪೆಡಲಿನ ಹಿಂದಿನ ಬಯಾಸ್ ಬಾರನ್ನು ಮುಂದಿನ ಕಡೆಗೆ ತಿರುಗಿಸುತ್ತ ಹೋಗಿ ಐದನೇ ಯತ್ನದಲ್ಲಿ ದಾಟಿದೆವು. ಮಣ್ಣಿನಲ್ಲಿ ಕಂಡದ್ದನ್ನು ನಂಬಬೇಡಿ.

ಎರಡನೆಯದು, ಬ್ರೇಕ್ ದ್ರವ. ಅದು ಗಾಳಿಯ ತೇವವನ್ನು ಕುಡಿಯುತ್ತದೆ. ಡಾಟ್ 4 ಎಂಬ ಬಗೆಯ ದ್ರವ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನೀರು ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಜೂನ್‌ನಲ್ಲಿ ತೆರೆದ ಬಾಟಲಿ ನಮ್ಮಲ್ಲಿ ಇಡೀ ಮಳೆಗಾಲ ಕಪಾಟಿನ ಮೇಲಿತ್ತು. ಡಿಸೆಂಬರಿನಲ್ಲಿ ಅದನ್ನೇ ತುಂಬಿದೆವು. ಹತ್ತು ಸುತ್ತು ಗಟ್ಟಿಯಾಗಿ ಓಡಿಸಿದ ಮೇಲೆ ಪೆಡಲು ನೆನೆದ ಅವಲಕ್ಕಿಯ ಹಾಗೆ ಮೆತ್ತಗಾಯಿತು. ಚಾಲಕ ಮೈದಾನದ ಅಂಚಿನ ಗೇರುಗಿಡಗಳಿಗೆ ಹೋಗಿ ನಿಂತ, ಅವನಿಗೆ ಏನೂ ಆಗಲಿಲ್ಲ ಎಂಬುದು ಪುಣ್ಯ. ಚಿಕ್ಕ ಬಾಟಲಿ ಕೊಳ್ಳಿ, ತೆರೆದ ದಿನಾಂಕವನ್ನು ಮೇಲೆ ಬರೆಯಿರಿ, ಉಳಿದದ್ದನ್ನು ಕಾರಿಗೆ ಹಾಕಬೇಡಿ.

ಪೆಡಲು 2000 ನ್ಯೂಟನ್ ತಡೆಯಬೇಕೆಂಬ ನಿಯಮವನ್ನು ಕಂಪ್ಯೂಟರಿನಲ್ಲಿ ಮಾತ್ರ ನೋಡಿ ಬಿಡಬೇಡಿ. ಸುಮಾರು 200 ಕಿಲೋ ಭಾರ ಅದು. ತಂಡದ ಅತಿ ದಪ್ಪಗಿರುವವನನ್ನು ಕೂರಿಸಿ ಎರಡೂ ಕಾಲಿನಲ್ಲಿ ಒದೆಯಲು ಹೇಳಿ.

ಹಳಿಯಾಳ, ಬಾಹಾ ತಂಡದವನು

ಎಲ್ಲರೂ ಫಾರ್ಮುಲಾ ಎನ್ನುತ್ತಿದ್ದೀರಿ. ನನ್ನ ಅಭಿಪ್ರಾಯದಲ್ಲಿ ಮೊದಲ ವರ್ಷ ಬಾಹಾಕ್ಕೇ ಹೋಗಬೇಕು. 2007ರಲ್ಲಿ ಪೀತಂಪುರದಲ್ಲಿ ಆರಂಭವಾದಾಗಿನಿಂದ ಅದೆಷ್ಟೋ ಕಾಲೇಜುಗಳು ಕಾರು ಕಟ್ಟಲು ಕಲಿತದ್ದು ಅಲ್ಲೇ. ಪೆಟ್ರೋಲ್ ವಿಭಾಗದಲ್ಲಿ ಎಲ್ಲ ತಂಡಗಳಿಗೂ ಒಂದೇ ಬಗೆಯ ಎಂಜಿನ್, ಎಂಜಿನ್ ಹೊಂದಿಸುವುದರಲ್ಲೇ ವರ್ಷ ಕಳೆಯುವುದಿಲ್ಲ. ಅದಕ್ಕಿಂತ ಮುಖ್ಯ, ನಿಮಗೆ ಟ್ರ್ಯಾಕ್ ಬೇಕಿಲ್ಲ. ಕೆಸರು, ಏರು, ಕಲ್ಲು, ಬೇರು ಇವೆಲ್ಲ ಉತ್ತರ ಕನ್ನಡದಲ್ಲಿ ಪುಕ್ಕಟೆ. ನೀವು ಶತ್ರುವೆಂದುಕೊಂಡಿರುವ ಮಳೆಗಾಲವೇ ನಮಗೆ ಅಭ್ಯಾಸದ ಕಾಲವಾಗಿತ್ತು.

ಶಿರಸಿ, ಹಿಂದೆ ತಂಡದ ನಾಯಕನಾಗಿದ್ದವನು

ಮಾತು ಸರಿಯೇ. ಆದರೆ ಅವರ ಶೆಡ್ಡಿನಲ್ಲಿ ಅರ್ಧಕ್ಕೆ ನಿಂತದ್ದೂ ಬಾಹಾ ಚೌಕಟ್ಟೇ ಅಲ್ಲವೇ? ಕಷ್ಟ ಯಾವ ಸ್ಪರ್ಧೆ ಎಂಬುದರಲ್ಲಿಲ್ಲ. ಮನಸ್ಸು ಇರುವ ಕಡೆ ಹೋಗಲಿ. ಆ ಚೌಕಟ್ಟನ್ನು ಗುಜರಿಗೆ ಹಾಕಬೇಡಿ, ಹೊಸ ಹುಡುಗರು ಬೆಸುಗೆ ಕಲಿಯಲು ಬೇಕಾಗುತ್ತದೆ.

ಯಲ್ಲಾಪುರ, ಎಂಜಿನ್

ಒಂದೇ ಮಾತು. ಕೆಟಿಎಂ 390ರದ್ದು ಒಂದೇ ಸಿಲಿಂಡರ್, ಹಳೆಯ ಮಾದರಿಗಳಲ್ಲಿ 373 ಸಿಸಿ. ಅದು ಗಾಳಿಯನ್ನು ಒಂದೇ ಸಮನೆ ಸೇದುವುದಿಲ್ಲ, ಗುಟುಕು ಗುಟುಕಾಗಿ ಎಳೆಯುತ್ತದೆ. ಪ್ರತಿ ಗುಟುಕಿನಲ್ಲೂ 20 ಮಿಲಿಮೀಟರಿನ ಕತ್ತು ಉಸಿರು ಕಟ್ಟಿಸುತ್ತದೆ. ಕತ್ತಿಗೂ ಎಂಜಿನ್ನಿಗೂ ನಡುವೆ ಸಾಕಷ್ಟು ದೊಡ್ಡ ಗಾಳಿಪೆಟ್ಟಿಗೆ ಇದ್ದರೆ ಎಳೆತ ಸಮನಾಗುತ್ತದೆ. ನಾವು ಜಾಗವಿಲ್ಲವೆಂದು ಪೆಟ್ಟಿಗೆಯನ್ನು ಚಿಕ್ಕದು ಮಾಡಿ ಶಕ್ತಿ ಕಳೆದುಕೊಂಡೆವು. ಎಂಜಿನ್ ಕೊಳ್ಳುವ ಮೊದಲು ಅದರ ವೈರಿಂಗ್ ಪೂರ್ತಿ ಇದೆಯೇ ನೋಡಿ. ಅಪಘಾತದ ಗಾಡಿಗಳಲ್ಲಿ ಮುಂಭಾಗದ ತಂತಿಗಳನ್ನು ಕತ್ತರಿಸಿಯೇ ಕೊಡುತ್ತಾರೆ.

ಹೊನ್ನಾವರ, ಚಾಲಕ

ಐದು ಸೆಕೆಂಡಿನಲ್ಲಿ ಇಳಿಯುವುದು ಸುಲಭವೆಂದು ಎಲ್ಲರೂ ಅಂದುಕೊಳ್ಳುತ್ತಾರೆ. ಹೆಲ್ಮೆಟ್, ಬೆಂಕಿ ತಡೆಯುವ ಉಡುಪು, ಕೈಗವಸು, ತೋಳಿನ ಪಟ್ಟಿ ಎಲ್ಲವನ್ನೂ ಹಾಕಿಕೊಂಡು ಮಾಡಿ ನೋಡಿ. ನನಗೆ ಮೊದಲ ದಿನ ಹನ್ನೆರಡು ಹಿಡಿಯಿತು. ಸ್ಟಿಯರಿಂಗ್ ಕಳಚುವ ಕೊಂಡಿ ಉಪ್ಪುಗಾಳಿಗೆ ಬಿಗಿದುಕೊಂಡಿತ್ತು. ಆಮೇಲೆ ದಿನವೂ ಸಂಜೆ ಹತ್ತು ಸಲ ಹತ್ತಿ ಇಳಿಯುವುದೇ ವ್ಯಾಯಾಮವಾಯಿತು. ಕೊಂಡಿಗೆ ವಾರಕ್ಕೊಮ್ಮೆ ಗ್ರೀಸ್.

ದೀರ್ಘ ಓಟದ ನಡುವೆ ಚಾಲಕರನ್ನು ಬದಲಿಸಲು ಕೊಡುವುದು ಮೂರು ನಿಮಿಷ. ನಾನು ಆರಡಿ, ಇನ್ನೊಬ್ಬಳು ಐದಡಿ. ನಾನು ಇಳಿದೊಡನೆ ಸೀಟಿಗೆ ಫೋಮಿನ ದಿಂಬು, ಪೆಡಲು ಒಂದು ತೂತು ಹಿಂದಕ್ಕೆ, ಆರು ಪಟ್ಟಿಗಳ ಅಳತೆ ಬದಲು. ಯಕ್ಷಗಾನದ ಚೌಕಿಯಲ್ಲಿ ವೇಷ ಕಟ್ಟುವವರು ನೆನಪಾಗಿ ನಾವೂ ಹಾಗೇ ಮಾಡಿದೆವು: ಎಡದ ಪಟ್ಟಿಗಳೆಲ್ಲ ಒಬ್ಬನ ಕೈಗೆ, ಬಲದವು ಇನ್ನೊಬ್ಬನ ಕೈಗೆ, ಮಾತು ಮಾತ್ರ ಯಾರಿಗೂ ಇಲ್ಲ. ಪಟ್ಟಿಯ ಅಳತೆಗೆ ಇಬ್ಬರಿಗೂ ಬೇರೆ ಬೇರೆ ಬಣ್ಣದ ದಾರ ಹೊಲಿದಿದ್ದೆವು.

ಕಾರವಾರ, ಲೆಕ್ಕ ಬರೆಯುತ್ತಿದ್ದವನು

ದುಡ್ಡಿನ ಮಾತು ಯಾರೂ ಎತ್ತಲಿಲ್ಲ. ಐದು ಲಕ್ಷವೆಂದು ಹೊರಟೆವು, ಎಂಟು ದಾಟಿತು. ಹೋದದ್ದು ದೊಡ್ಡ ಸಾಮಾನಿಗಲ್ಲ. ಎರಡನೇ ಸಲ ಮಾಡಿಸಿದ ಭಾಗಗಳಿಗೆ, ಮರೆತ ಒಂದು ಬೇರಿಂಗಿಗಾಗಿ ಅರಬೈಲು ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗಿಬಂದ ಬಸ್ಸಿಗೆ, ಊಟಕ್ಕೆ. ನಕ್ಷೆಯನ್ನು ಕಳುಹಿಸುವ ಮೊದಲು ಬರೆಯದ ಒಬ್ಬರು ಅಳತೆಗಳನ್ನು ಓದಲಿ. ಇದರಿಂದ ಉಳಿದಷ್ಟು ದುಡ್ಡನ್ನು ಯಾವ ಪ್ರಾಯೋಜಕರೂ ಕೊಡಲಿಲ್ಲ. ಮಂಗಳೂರು, ಕೇರಳ ದಾಟಿ ಸ್ಪರ್ಧೆ ನಡೆಯುವ ಕೊಯಮತ್ತೂರಿನವರೆಗೆ ಲಾರಿ ಕುಲುಕುತ್ತದೆ, ಚೌಕಟ್ಟಿನ ಕೆಳಗೆ ಮರದ ದಿಮ್ಮಿ ಕೊಟ್ಟು ಚಕ್ರಗಳ ಭಾರ ಇಳಿಸಿ ಕಟ್ಟಿ.

ಪ್ರಶ್ನೆ ಕೇಳಿದವಳು

ಎಲ್ಲವನ್ನೂ ಬರೆದುಕೊಂಡೆ. ಓಡಿಸಿ ನೋಡುವುದು ಎಲ್ಲಿ? ರಾತ್ರಿ ಹೆದ್ದಾರಿ ಖಾಲಿ ಇರುತ್ತದೆ ಎನ್ನುತ್ತಿದ್ದಾರೆ ನಮ್ಮವರು.

ಅಂಕೋಲಾ, ಬ್ರೇಕ್ ನೋಡಿಕೊಳ್ಳುತ್ತಿದ್ದವಳು

ಬೇಡವೇ ಬೇಡ. ನೋಂದಣಿಯಿಲ್ಲದ ವಾಹನ, ಅದರ ಮುಂದೀಪವೂ ಇಲ್ಲ, ಹೆದ್ದಾರಿ 66ರಲ್ಲಿ ಮೀನಿನ ಲಾರಿಗಳು ಯಾರಿಗೂ ಕಾಯುವುದಿಲ್ಲ. ಕಾಲೇಜಿನ ಒಳಗೇ ಡಾಂಬರು ಅಥವಾ ಕಾಂಕ್ರೀಟ್ ಹಾಕಿದ ಜಾಗ ಹುಡುಕಿ. ತಿರುವಿನಲ್ಲಿ ಕಾರಿನ ಹಿಡಿತ ಪರೀಕ್ಷಿಸುವ ಎಂಟರ ಆಕಾರದ ಸ್ಕಿಡ್‌ಪ್ಯಾಡ್‌ಗೆ ಬಹಳ ಜಾಗ ಬೇಕಾಗುವುದಿಲ್ಲ: ಒಳವೃತ್ತದ ವ್ಯಾಸ 15.25 ಮೀಟರ್, ದಾರಿಯ ಅಗಲ 3 ಮೀಟರ್, ಎರಡು ವೃತ್ತಗಳ ಕೇಂದ್ರಗಳ ನಡುವೆ 18.25 ಮೀಟರ್. ಸುಮಾರು 40 ಮೀಟರ್ ಉದ್ದ, 22 ಮೀಟರ್ ಅಗಲ, ಸುತ್ತ ಜಾರಿದರೆ ನಿಲ್ಲಲು ಇನ್ನಷ್ಟು. ಒಳವೃತ್ತ ಎಳೆಯಲು ಒಂದು ಗೂಟ, ಏಳೂವರೆ ಮೀಟರಿಗಿಂತ ತುಸು ಉದ್ದದ ಹಗ್ಗ, ಸುಣ್ಣ. ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಒಬ್ಬರು ನಿಂತಿರಲಿ, ಅವರ ಕೈಯಲ್ಲಿ ಮೊಬೈಲ್ ಇರಬಾರದು.

ಪ್ರಶ್ನೆ ಕೇಳಿದವಳು

ನಿನ್ನೆ ಸಂಜೆ ಹಗ್ಗ ಹಿಡಿದು ಗ್ರಂಥಾಲಯದ ಹಿಂದಿನ ಕಾಂಕ್ರೀಟ್ ಅಂಗಳವನ್ನು ಅಳೆದೆವು. ಉದ್ದ ಸಾಕು. ಎರಡನೇ ವೃತ್ತದ ದಾರಿಯಲ್ಲೇ ವಾಲಿಬಾಲ್ ಕಂಬ ಬರುತ್ತದೆ, ಅದನ್ನು ತೆಗೆಸಲು ಇವತ್ತು ಅರ್ಜಿ ಬರೆದಿದ್ದೇವೆ. ವಾಲಿಬಾಲ್ ತಂಡದವರು ಈಗಲೇ ಮುನಿಸಿಕೊಂಡಿದ್ದಾರೆ. ಶೆಡ್ಡಿನ ಕಪಾಟಿನಲ್ಲಿ ಹಿರಿಯರ ಕಾಲದ ಬ್ರೇಕ್ ದ್ರವದ ಬಾಟಲಿಯೊಂದು ಸಿಕ್ಕಿತು. ಮುಕ್ಕಾಲು ತುಂಬಿದೆ, ಮುಚ್ಚಳ ಸಡಿಲವಾಗಿತ್ತು.