ಕ್ಯಾಮೆರಾ ಮುಚ್ಚಿದ ತರಗತಿಯಲ್ಲಿ ಈಡಿಪಸ್: ಅನುಭವವಿದ್ದವರು ಹೇಳಿ

ಪ್ರಶ್ನೆ (ಪದವಿ ಕಾಲೇಜಿನ ಅಧ್ಯಾಪಕ, ತುಮಕೂರು)

ಈ ಸೆಮಿಸ್ಟರಿನಲ್ಲಿ ಆನ್‌ಲೈನ್ ಪದವಿ ತರಗತಿಯ ವಿಶ್ವ ಸಾಹಿತ್ಯ ಪತ್ರಿಕೆ ನನ್ನ ಪಾಲಿಗೆ ಬಂದಿದೆ. ಸಾಫೊಕ್ಲಿಸ್‌ನ 'ಈಡಿಪಸ್', ಕಾಫ್ಕಾನ 'ಮೆಟಮಾರ್ಫಸಿಸ್' ಎರಡೂ ಪಠ್ಯದಲ್ಲಿವೆ. ಚರ್ಚೆಗೆ ಕರೆದರೆ ಎಲ್ಲರೂ ಕ್ಯಾಮೆರಾ ಮುಚ್ಚಿಕೊಂಡು ಸುಮ್ಮನಿರುತ್ತಾರೆ. ಬರೆದು ಚರ್ಚಿಸಿ ಎಂದರೆ ಒಬ್ಬರು ಎಲ್ಲಿಂದಲೋ ಸಾರಾಂಶ ತಂದು ಅಂಟಿಸುತ್ತಾರೆ, ಉಳಿದವರು "ನಿಮ್ಮ ಅಭಿಪ್ರಾಯ ಒಪ್ಪುತ್ತೇನೆ" ಎಂದು ಕೈತೊಳೆದುಕೊಳ್ಳುತ್ತಾರೆ. ಇಂಥ ತರಗತಿ ನಡೆಸಿದವರು, ಅದರಲ್ಲಿ ಕಲಿತವರು ಏನು ಮಾಡಿದಿರಿ?

ಅಧ್ಯಾಪಕಿ, ಶಿವಮೊಗ್ಗ

ಸರ್, ನೀವು ಕೊಟ್ಟ ಪ್ರಶ್ನೆ ಯಾವುದೆಂದು ಹೇಳಲಿಲ್ಲ. "ನಾಟಕದಲ್ಲಿ ವಿಧಿಯ ಪಾತ್ರವನ್ನು ಚರ್ಚಿಸಿ" ಎಂಬ ಜಾತಿಯದಾಗಿದ್ದರೆ ಮಕ್ಕಳನ್ನು ದೂರಿ ಫಲವಿಲ್ಲ. ಅದಕ್ಕೆ ನಾಟಕ ಓದದೆಯೇ ಎರಡು ಪುಟ ಬರೆಯಬಹುದು. ಗೈಡುಗಳು ಬದುಕಿರುವುದೇ ಅಂಥ ಪ್ರಶ್ನೆಗಳ ಮೇಲೆ. ಪುಟ ತೆರೆಯದೆ ಉತ್ತರಿಸಲಾಗದ ಪ್ರಶ್ನೆ ಕೊಡಿ.

ನಾನು ಕೊಡುವುದು ಇದು: ಈಡಿಪಸ್‌ಗೆ ಮೊದಲು ಪಟ್ಟದಲ್ಲಿದ್ದ ಲೇಯಸ್ ದೊರೆಯನ್ನು ಕೊಂದದ್ದು ಒಬ್ಬನೋ, ಹಲವರೋ? ಬದುಕಿ ಬಂದ ಒಬ್ಬನೇ ಆಳು ಊರಿಗೆಲ್ಲ ಹೇಳಿದ್ದು ದರೋಡೆಕೋರರ ಗುಂಪು ಎಂದು. ನಾಟಕದ ನಡುಭಾಗದಲ್ಲಿ, ಕೊಂದವನು ತಾನೇ ಇರಬಹುದೆಂದು ಹೆದರಿದ ಈಡಿಪಸ್ ತನ್ನ ಆಸೆಯನ್ನೆಲ್ಲ ಆ ಬಹುವಚನಕ್ಕೇ ಜೋತುಹಾಕುತ್ತಾನೆ. ಒಬ್ಬ ಎಂದಿಗೂ ಹಲವರಾಗಲಾರ, ಆದ್ದರಿಂದ ಕೊಂದವರು ಹಲವರಾಗಿದ್ದರೆ ತಾನು ನಿರಪರಾಧಿ ಎಂಬುದು ಅವನ ಲೆಕ್ಕ. ಆಳನ್ನು ಕರೆಸುವುದೂ ಇದನ್ನು ಕೇಳಲಿಕ್ಕೇ. ಆದರೆ ಅವನು ಬರುವ ಹೊತ್ತಿಗೆ ಮಾತು ಬೆಟ್ಟದಲ್ಲಿ ಬಿಸುಡಬೇಕಿದ್ದ ಮಗುವಿನ, ಅಂದರೆ ಹಸುಗೂಸಾಗಿದ್ದ ಈಡಿಪಸ್‌ನ ಕಡೆ ಹೊರಳಿರುತ್ತದೆ. ಕೊಂದವರೆಷ್ಟು ಜನ ಎಂದು ಯಾರೂ ಕೇಳುವುದೇ ಇಲ್ಲ! ಹಾಗಾದರೆ ಆಳು ಸುಳ್ಳು ಹೇಳಿದ್ದನೇ? ಒಬ್ಬನೇ ಒಬ್ಬನಿಗೆ ಹೆದರಿ ಓಡಿಬಂದೆ ಎನ್ನಲು ನಾಚಿದನೇ? ಈಡಿಪಸ್ ಪಟ್ಟದಲ್ಲಿರುವುದನ್ನು ಕಂಡವನು ತನ್ನನ್ನು ದೂರದ ಹೊಲಗಳಿಗೆ ಕಳಿಸಿಬಿಡಿ ಎಂದು ಲೇಯಸ್‌ನ ವಿಧವೆ, ಈಗ ಈಡಿಪಸ್‌ನ ಹೆಂಡತಿಯಾದ ಜೊಕಾಸ್ಟಳ ಕೈಹಿಡಿದು ಬೇಡಿಕೊಂಡದ್ದೇಕೆ?

ನನ್ನ ತರಗತಿ ಇಲ್ಲಿ ಎರಡು ಬಣವಾಯಿತು. ಮುಂದೆ ಕಾನೂನು ಓದಬೇಕೆಂದಿರುವ ಹುಡುಗಿಯೊಬ್ಬಳು ಈಡಿಪಸ್‌ನ ಪರ ವಕಾಲತ್ತು ವಹಿಸಿ, ಸಾಕ್ಷಿಯ ಮರುವಿಚಾರಣೆಯೇ ಆಗಿಲ್ಲ, ಈ ತೀರ್ಪು ನಿಲ್ಲದು ಎಂದು ವಾದಿಸಿದಳು. ತಾನೇ ಶಿಕ್ಷೆ ವಿಧಿಸಿಕೊಂಡವನಿಗೆ ವಕೀಲರೇಕೆ ಎಂದು ಇನ್ನೊಬ್ಬ ಕೇಳಿದ. ವಿಧಿಯ ವಿಷಯ ತಾನಾಗಿ ಬಂತು.

ಇನ್ನೊಂದು ಮಾತು. ಎಲ್ಲರ ಮೊಬೈಲಿನಲ್ಲೂ ಒಂದೇ ಅನುವಾದ ಇರುವುದಿಲ್ಲ, ಪುಟ ಸಂಖ್ಯೆ ಹೇಳಿದರೆ ಗೊಂದಲ. ಗ್ರೀಕ್ ನಾಟಕಗಳಿಗೆ ಮೂಲದ ಸಾಲುಗಳ ಸಂಖ್ಯೆ ಇದೆ, ಅದನ್ನು ಬಳಸಿ. ನಾನು ಹೇಳಿದ ಮಾತು 842ನೇ ಸಾಲಿನ ಆಸುಪಾಸಿನಲ್ಲಿ ಸಿಗುತ್ತದೆ. ಲಂಕೇಶರ 'ದೊರೆ ಈಡಿಪಸ್' ಹಿಡಿದವರಿಗೆ ಸನ್ನಿವೇಶ ಹೇಳಿದರೆ ಸಾಕು.

ಅಮೆರಿಕದ ಕಮ್ಯುನಿಟಿ ಕಾಲೇಜೊಂದರಲ್ಲಿ ಆನ್‌ಲೈನ್ ಕಲಿತವಳು

ನಮಗೆ ವಾರಕ್ಕೊಂದು ಸ್ವಂತ ಬರಹ, ಸಹಪಾಠಿಗಳ ಬರಹಗಳಿಗೆ ಎರಡು ಉತ್ತರ ಕಡ್ಡಾಯ. ಭಾನುವಾರ ಮಧ್ಯರಾತ್ರಿಯ ಗಡುವಿಗೆ ಎಲ್ಲರೂ ಒಟ್ಟಿಗೆ ಸುರಿಯುತ್ತಿದ್ದರು, ಯಾರೂ ಯಾರದನ್ನೂ ಓದುತ್ತಿರಲಿಲ್ಲ. ಸ್ವಂತ ಬರಹಕ್ಕೆ ಬುಧವಾರ, ಉತ್ತರಕ್ಕೆ ಭಾನುವಾರ ಎಂದು ಗಡುವನ್ನು ಒಡೆದ ಮೇಲೆಯೇ ಅದು ಚರ್ಚೆಯಾದದ್ದು.

ಕಾಫ್ಕಾನ ಕಥೆಯಲ್ಲಿ ನಮ್ಮ ಪ್ರಾಧ್ಯಾಪಕಿ ಕೇಳಿದ್ದು ಊಟದ ಬಗ್ಗೆ ಮಾತ್ರ: ಕೀಟವಾಗಿ ಮಾರ್ಪಟ್ಟ ಗ್ರೆಗರ್‌ಗೆ ಯಾರು, ಏನು, ಹೇಗೆ ಬಡಿಸುತ್ತಾರೆ? ಮೊದಲು ತಂಗಿ ರೊಟ್ಟಿಯ ಚೂರು ಹಾಕಿದ ಹಾಲಿಡುತ್ತಾಳೆ, ಅವನಿಗೆ ಅದು ಸೇರುವುದಿಲ್ಲ. ಮರುದಿನ ಹಳೆಯ ಪತ್ರಿಕೆಯ ಮೇಲೆ ಕೊಳೆತ ತರಕಾರಿ, ಮೂಳೆ, ಹಳಸಿದ ಚೀಸ್ ಎಲ್ಲ ಹರಡಿ, ಅವನ ರುಚಿ ಪರೀಕ್ಷಿಸುತ್ತಾಳೆ. ಮೂರನೆಯ ಭಾಗಕ್ಕೆ ಬರುವಾಗ ಸಿಕ್ಕಿದ್ದನ್ನು ಕಾಲಿನಿಂದ ಒಳಗೆ ತಳ್ಳಿ ಕೆಲಸಕ್ಕೆ ಓಡುತ್ತಾಳೆ. ನಡುವೆ ಅಪ್ಪ ಎಸೆದ ಸೇಬು ಅವನ ಬೆನ್ನಿನಲ್ಲಿ ನಾಟಿಕೊಂಡಿದೆ. ಇದನ್ನು ಜೋಡಿಸುತ್ತ ಹೋದಾಗ ಹಾಸಿಗೆ ಹಿಡಿದ ಅಜ್ಜಿಯನ್ನು ನೋಡಿಕೊಳ್ಳುತ್ತಿದ್ದ ಸಹಪಾಠಿಯೊಬ್ಬ ತಂಗಿಯ ಪರವಾಗಿ ಬರೆದದ್ದು ಆ ಸೆಮಿಸ್ಟರಿನ ಅತ್ಯುತ್ತಮ ಬರಹವಾಗಿತ್ತು. ಮೈಕ್ ಕೊಟ್ಟಿದ್ದರೆ ಅವನು ಬಾಯಿ ಬಿಡುತ್ತಿರಲಿಲ್ಲ. ನಾನೂ ಅಷ್ಟೇ, ಇಂಗ್ಲಿಷಿನಲ್ಲಿ ಥಟ್ಟನೆ ವಾದಿಸುವವಳಲ್ಲ. ಬರೆಯುವ ಚರ್ಚೆ ನಮ್ಮಂಥವರ ಪಾಲಿಗೆ ವರ.

ಚಿತ್ರ ಹಾಕಲು ಬಿಡಬೇಡಿ, ಎಲ್ಲರೂ ಜಿರಳೆಯನ್ನೇ ತಂದು ಅಂಟಿಸುತ್ತಾರೆ. 1915ರಲ್ಲಿ ಕಥೆ ಪುಸ್ತಕವಾಗುವಾಗ ಮುಖಪುಟದಲ್ಲಿ ಆ ಕೀಟವನ್ನು ದೂರದಿಂದಲೂ ತೋರಿಸಕೂಡದು ಎಂದು ಕಾಫ್ಕಾ ಪ್ರಕಾಶಕರಿಗೆ ಬರೆದಿದ್ದ. ಏಕಿರಬಹುದು ಎಂಬುದೇ ಒಂದು ವಾರದ ಚರ್ಚೆಗೆ ಸಾಕು.

ಅತಿಥಿ ಉಪನ್ಯಾಸಕ, ಕಲಬುರಗಿ

ಅಂಕವಿಲ್ಲದಿದ್ದರೆ ಯಾವ ಪ್ರಶ್ನೆ ಕೊಟ್ಟರೂ ಅಷ್ಟೆ. ಆಂತರಿಕ ಮೌಲ್ಯಮಾಪನಕ್ಕೆ ಸೇರಿಸಿ. ಯಂತ್ರದಿಂದ ಬರೆಸಿದ ಉತ್ತರಗಳೂ ಬರುತ್ತವೆ; ಬರೆದವರಿಗೆ ಫೋನ್ ಮಾಡಿ, ನೀವು ಹೇಳಿದ ಸಾಲನ್ನು ಓದಿ ಎನ್ನುತ್ತೇನೆ.

ನಿವೃತ್ತ ಅಧ್ಯಾಪಕ, ಮೈಸೂರು

ಬಿಸುಟ ಮಗು ಎಂದ ಕೂಡಲೇ ನಮ್ಮ ಹುಡುಗರು ಕರ್ಣನನ್ನು ಕರೆತರುತ್ತಾರೆ. ಬರಲಿ, ಆದರೆ "ಇಬ್ಬರದೂ ಒಂದೇ ಕಥೆ" ಎಂದು ಮುಗಿಸಲು ಬಿಡಬೇಡಿ. ಕರ್ಣನಿಗೆ ಹುಟ್ಟು ತಿಳಿದದ್ದು ಯುದ್ಧಕ್ಕೆ ಮೊದಲೇ, ಕೃಷ್ಣನೂ ಕುಂತಿಯೂ ಬಂದು ಹೇಳಿದ್ದರಿಂದ. ತಿಳಿದ ಮೇಲೂ ಅವನು ಪಕ್ಷ ಬದಲಿಸಲಿಲ್ಲ. ಈಡಿಪಸ್‌ನನ್ನು ಜೊಕಾಸ್ಟ ಬೇಡವೆಂದು ತಡೆದರೂ ಕೆದಕಿ ತಿಳಿದುಕೊಳ್ಳುತ್ತಾನೆ. ವ್ಯತ್ಯಾಸವನ್ನು ಬರೆಸಿ. ಆಸಕ್ತಿ ತೋರಿದವರಿಗೆ ಬಿ.ಎಂ.ಶ್ರೀ. ಅವರ 'ಅಶ್ವತ್ಥಾಮನ್' ಕೊಡಿ. ಸಾಫೊಕ್ಲಿಸ್‌ನ 'ಏಜಾಕ್ಸ್' ನಾಟಕವನ್ನು ಮಹಾಭಾರತದ ಪಾತ್ರಕ್ಕೆ ಹೊಂದಿಸಿದಾಗ ಏನು ಉಳಿಯಿತು, ಏನು ಬದಲಾಯಿತು ಎಂದು ಅವರೇ ಹುಡುಕಲಿ. ಭಾಷೆ ಹಳಗನ್ನಡದ ಹದದ್ದು, ಮೊದಲ ದೃಶ್ಯವನ್ನು ನೀವೇ ಗಟ್ಟಿಯಾಗಿ ಓದಿ ಹೇಳಬೇಕಾದೀತು.