ಸೈಕಲ್ಲಿನ ‘ಡ್ರಾಪ್’: ಹಾರಿಸುವುದೋ, ಇಳಿಸುವುದೋ, ದಾಟಿಸುವುದೋ?

ಎಲ್ಲರಿಗೂ ನಮಸ್ಕಾರ. ಈ ಪ್ರಶ್ನೆ ಮುಖ್ಯವಾಗಿ ಶಿರಸಿ, ಸಿದ್ದಾಪುರ ಕಡೆಯವರಿಗೆ. ಬೇರೆ ಊರಿನವರೂ ಹೇಳಬಹುದು.

ಮೌಂಟನ್ ಬೈಕಿನವರು ‘ಡ್ರಾಪ್’ ಅನ್ನುತ್ತಾರೆ. ಹೋಗುತ್ತಿರುವ ದಾರಿ ತಟ್ಟನೆ ಕಡಿದು, ಒಂದಡಿಯೋ ಎರಡಡಿಯೋ ಕೆಳಗೆ ಮತ್ತೆ ಶುರುವಾಗುತ್ತದೆ. ಸೈಕಲ್ಲು ಆ ಅಂಚು ಬಿಟ್ಟು, ಕ್ಷಣ ಗಾಳಿಯಲ್ಲಿದ್ದು, ಕೆಳಗಿನ ನೆಲ ಮುಟ್ಟಬೇಕು. ಜಂಪ್ ಬೇರೆ. ಅಲ್ಲಿ ಅಂಚು ಮೇಲಕ್ಕೆ ಬಾಗಿರುತ್ತದೆ, ಅದೇ ಸೈಕಲ್ಲನ್ನು ಎತ್ತುತ್ತದೆ. ಡ್ರಾಪಿನಲ್ಲಿ ಎತ್ತುವವರು ಯಾರೂ ಇಲ್ಲ.

ನಮ್ಮಲ್ಲಿ ಇದಕ್ಕೆ ಜಾಗ ಹುಡುಕಬೇಕಾಗಿಲ್ಲ. ಬೆಟ್ಟದಿಂದ ತೋಟಕ್ಕೆ ಇಳಿಯುವ ದಾರಿಯಲ್ಲಿ ದರೆ ಇದ್ದೇ ಇರುತ್ತದೆ. (ಹೊರಗಿನವರಿಗೆ: ಕಡಿದಾದ ಮಣ್ಣಿನ ಅಂಚು. ಮಳೆಗಾಲದಲ್ಲಿ ಪೇಪರಿನಲ್ಲಿ ‘ಧರೆ ಕುಸಿತ’ ಅಂತ ಬರುತ್ತದಲ್ಲ, ಅದೇ. ಓದಿದವರಿಗೆ ಭೂಮಿಯೇ ಕುಸಿಯಿತೇನೋ ಅನಿಸಬೇಕು.) ಹಾಗಾಗಿ ಆ ಜಾಗಕ್ಕೆ ಹೆಸರಿದೆ: ಗಿಡ್ಡ ದರೆ. ತೊಂದರೆ ಇರುವುದು ಕ್ರಿಯಾಪದಕ್ಕೆ.

ಅಕ್ಕನ ಮಗ ಕಲಿಸುತ್ತಾನೆ, ನಾನು ಅಂಜುತ್ತಾ ಕಲಿಯುತ್ತಿದ್ದೇನೆ. ‘ಹಾರ್ಸು ಮಾವ, ಹಾರ್ಸು’ ಅನ್ನುತ್ತಾನೆ. ಹಾರಿಸು ಅಂದ ಕೂಡಲೇ ಕೈ ತಾನಾಗಿ ಹ್ಯಾಂಡಲ್ ಜಗ್ಗುತ್ತದೆ. ಮುಂದಿನ ಚಕ್ರ ಮೇಲೆದ್ದು ಹಿಂದಿನದು ಕುಕ್ಕುತ್ತದೆ. ‘ಇಳಿಸು’ ಅಂದರೆ ಇನ್ನೊಂದು ಪಜೀತಿ. ಇಳಿಸುವುದು ಅಂದರೆ ನಿಧಾನ, ಬೆರಳು ಬ್ರೇಕಿಗೆ ಹೋಗುತ್ತದೆ. ಅಂಚಿನಲ್ಲಿ ವೇಗ ಸತ್ತರೆ ಮುಂದಿನ ಚಕ್ರ ಕೆಳಕ್ಕೆ ಬಗ್ಗುತ್ತದೆ, ಹಿಂದಿನದು ಇನ್ನೂ ದರೆಯ ಮೇಲೇ ಇರುತ್ತದೆ, ಸವಾರ ಹ್ಯಾಂಡಲ್ ದಾಟಿ ಮಕಾಡೆ. ‘ಧುಮುಕು’ ಅಂತೂ ಬೇಡವೇ ಬೇಡ. ಅದು ಕೆರೆಗೆ ಸರಿ.

ಮಾಡಬೇಕಾದ್ದು ಇಷ್ಟು. ಸೀಟು ತಗ್ಗಿಸಿ, ಎರಡೂ ಪೆಡಲ್ ಒಂದೇ ಮಟ್ಟದಲ್ಲಿಟ್ಟು ಅವುಗಳ ಮೇಲೆ ನಿಲ್ಲಬೇಕು. ಮೊಣಕೈ, ಮೊಣಕಾಲು ಬಗ್ಗಿರಬೇಕು. ಕಣ್ಣು ಅಂಚಿಗೆ ಅಂಟದೆ ಮುಂದಿರಬೇಕು. ಮುಂದಿನ ಚಕ್ರ ಅಂಚು ಬಿಡುವಾಗ ಹ್ಯಾಂಡಲ್ಲನ್ನು ಮುಂದಕ್ಕೆ ದೂಡಬೇಕು. ಆಗ ಸೊಂಟ ತಾನೇ ತುಸು ಹಿಂದೆ ಉಳಿಯುತ್ತದೆ, ಮುಂದಿನ ಚಕ್ರ ಬಗ್ಗುವುದಿಲ್ಲ. ಕೆಳಗೆ ಇಳಿಜಾರಿದ್ದರೆ ಸೈಕಲ್ಲೂ ಅದೇ ಓರೆಯಲ್ಲಿ ನೆಲ ಮುಟ್ಟಬೇಕು. ಸಪಾಟು ನೆಲಕ್ಕಿಂತ ಇಳಿಜಾರಿನಲ್ಲೇ ಪೆಟ್ಟು ಕಮ್ಮಿ. ಅಂಗಳದ ಮೆಟ್ಟಿಲಿನಲ್ಲಿ ಶುರುಮಾಡಿದರೂ ಆಯಿತು, ದೂಡುವ ಹದ ಅಲ್ಲೇ ಸಿಗುತ್ತದೆ. ಹೆಲ್ಮೆಟ್, ಮೊಣಕಾಲು ಪ್ಯಾಡ್ ಮಾತ್ರ ಬೇಕೇ ಬೇಕು. ಮಳೆ ಹಿಡಿದು ಹಾವಸೆ (ಪಾಚಿ) ಕಟ್ಟಿದ ಮೇಲೆ ದರೆಯ ಹತ್ತಿರ ಹೋಗುವ ಮಾತೇ ಇಲ್ಲ.

ಈಗ ನನ್ನ ಸೂಚನೆ: ‘ದಾಟಿಸು’. ಸಂಕ (ಹಳ್ಳದ ಮೇಲಿನ ಕಾಲುಸೇತುವೆ) ದಾಟುವವನು ನಡುವೆ ನಿಲ್ಲುವುದಿಲ್ಲ, ಕಾಲಬುಡ ನೋಡುವುದಿಲ್ಲ, ಹಾರುವುದೂ ಇಲ್ಲ. ಒಂದೇ ವೇಗದಲ್ಲಿ ಆಚೆ ಹೋಗುತ್ತಾನೆ. ಡ್ರಾಪಿಗೆ ಬೇಕಾದ್ದೂ ಅದೇ ಅಲ್ವಾ? ‘ದರೆ ದಾಟಿಸು’ ಅಂದುಕೊಂಡರೆ ನನ್ನ ಕೈ ಜಗ್ಗುವುದು ಕಮ್ಮಿಯಾಗಿದೆ. ಆದರೆ ಕೆಳಗೆ ಹೋಗುವ ಅರ್ಥ ಈ ಪದದಲ್ಲಿ ಇಲ್ಲ. ಅಕ್ಕನಂತೂ ‘ಎಮ್ಮೆ ದಾಟಿಸ್ತಿದ್ದೀಯೇನೋ’ ಅಂತ ನಗುತ್ತಾಳೆ.

ಇಂಗ್ಲಿಷ್ ಪದ ಓಡಿಸುವ ಹಟ ನನಗಿಲ್ಲ. ಈ ಆಟ ರೂಪುಗೊಂಡದ್ದು 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ. 1996ರ ಅಟ್ಲಾಂಟಾ ಒಲಿಂಪಿಕ್ಸಿಗೂ ಬಂತು. ಮಾತುಗಳೂ ಜೊತೆಗೇ ಬಂದವು. ಬ್ರೇಕು, ಪೆಡಲ್‌ಗೆ ಬದಲಿ ಹುಡುಕುವುದು ಸುಮ್ನೆ ಕೆಲಸ. ‘ಡ್ರಾಪ್’ ಕೂಡ ಇರಲಿ. ಕಲಿಸುವಾಗ ಕೂಗಿ ಹೇಳಲು ಒಂದು ಚಿಕ್ಕ ಕ್ರಿಯಾಪದ ಬೇಕು, ಅಷ್ಟೇ.

ಇನ್ನೊಂದು ಸಣ್ಣ ಪ್ರಶ್ನೆ. ಅಂಚಿನ ತನಕ ಜೋರಾಗಿ ಬಂದು ಕಡೇ ಗಳಿಗೆಯಲ್ಲಿ ಬ್ರೇಕ್ ಹಿಡಿದು ನಿಂತುಬಿಡುವುದಕ್ಕೆ ಏನು ಅನ್ನುತ್ತೀರಿ? ಹೊಸಬರೆಲ್ಲ ಮಾಡುವುದು ಇದನ್ನೇ. ಡ್ರಾಪಿನಲ್ಲಿ ಇದರಷ್ಟು ಅಪಾಯ ಬೇರೆ ಇಲ್ಲ. ‘ಹಿಂಜರಿ’ ಬರವಣಿಗೆಯ ಮಾತಾಯಿತು, ‘ಅಳುಕು’ ಮನಸ್ಸಿಗೆ ಮಾತ್ರ. ದನ ಅಗಳದ (ಕಂದಕದ) ಅಂಚಿಗೆ ಬಂದು ಕಾಲೂರಿ ನಿಲ್ಲುತ್ತದಲ್ಲ, ಅದಕ್ಕೆ ನಿಮ್ಮಲ್ಲಿ ಒಂದೇ ಪದ ಇದೆಯೇ? ಕುಮಟಾ, ಅಂಕೋಲಾ, ಕಾರವಾರದ ಕಡೆ ಬೇರೆ ಮಾತಿದ್ದರೆ ಅದನ್ನೂ ಹೇಳಿ.