ಚಿಕೂನ್‌ಗುನ್ಯಾ ಬಂದು 14 ವಾರ ಆಯ್ತು, ಇನ್ನೂ ಮುಷ್ಟಿ ಕಟ್ಟಲಾಗುತ್ತಿಲ್ಲ: ಇದು ರುಮಟಾಯ್ಡ್ ಸಂಧಿವಾತ (ಆರ್‌ಎ) ಆಗಿಬಿಟ್ಟಿತೇ?

ತಾಲ್ಲೂಕು_ಓಪಿಡಿ ಕೇಳಿದ್ದು:

52 ವರ್ಷದ ಮಹಿಳೆ, ಆರು ವರ್ಷದಿಂದ ಸಕ್ಕರೆ ಕಾಯಿಲೆ. 14 ವಾರದ ಹಿಂದೆ ಏಕಾಏಕಿ ಜ್ವರ, ಮೂರನೇ ದಿನ ಮೈಮೇಲೆ ದದ್ದು, ಹಾಸಿಗೆಯಿಂದ ಏಳಲಾಗದಷ್ಟು ಕೀಲುನೋವು. ಏಳನೇ ದಿನದ ಚಿಕೂನ್‌ಗುನ್ಯಾ ಐಜಿಎಂ (ಹೊಸ ಸೋಂಕಿಗೆ ಮೂಡುವ ಪ್ರತಿಕಾಯ) ಪಾಸಿಟಿವ್, ಡೆಂಗಿ ಐಜಿಎಂ ನೆಗೆಟಿವ್. ಜ್ವರ ಐದು ದಿನಕ್ಕೆ ಬಿಟ್ಟಿತು, ನೋವು ಬಿಟ್ಟಿಲ್ಲ.

ಈಗ ಎರಡೂ ಮಣಿಕಟ್ಟು, ಬೆರಳ ಬುಡದ ಗೆಣ್ಣುಗಳು, ಎರಡೂ ಪಾದದ ಕೀಲು. ಬೆಳಿಗ್ಗೆ ಒಂದೂವರೆ ಗಂಟೆ ಬಿಗಿತ. ಇಎಸ್‌ಆರ್ (ಉರಿಯೂತ ತೋರಿಸುವ ರಕ್ತಪರೀಕ್ಷೆ) 38, ಆರ್‌ಎ ಫ್ಯಾಕ್ಟರ್ 28 (ಆರ್‌ಎಯಲ್ಲಿ ಏರುವ ಪ್ರತಿಕಾಯ, ಲ್ಯಾಬಿನ ಮಿತಿ 20), ಯೂರಿಕ್ ಆ್ಯಸಿಡ್ 6.1. ಅಸೆಕ್ಲೋಫೆನಾಕ್ ಮತ್ತು ಪ್ಯಾರಾಸಿಟಮಾಲ್ ಸೇರಿದ ಮಾತ್ರೆ ದಿನಕ್ಕೆ ಎರಡು, ಅದು ಸಾಲದೆ ಪ್ಯಾರಾಸಿಟಮಾಲ್ 650 ನಾಲ್ಕು. ಜೊತೆಗೆ ಎಲ್ಲೋ ವಾರಕ್ಕೊಂದು ಇಂಜೆಕ್ಷನ್ ಹಾಕಿಸಿಕೊಳ್ಳುತ್ತಿದ್ದಾರೆ, ಚೀಟಿ ಇಲ್ಲ. ಯಾರೋ "ಆರ್‌ಎ, ಜೀವನಪರ್ಯಂತ ಮಾತ್ರೆ" ಅಂದುಬಿಟ್ಟಿದ್ದಾರೆ.

ಐಜಿಎಂ ಮತ್ತೆ ಮಾಡಿಸಬೇಕೇ? ಮೆಥೋಟ್ರೆಕ್ಸೇಟ್ (ಕೀಲಿನ ಉರಿಯೂತ ಅಡಗಿಸುವ ಔಷಧ) ಈಗಲೇ ಶುರು ಮಾಡಬಹುದೇ, ಕಾಯಬೇಕೇ?

---

ಗೆಣ್ಣುಗಂಟು ಉತ್ತರ:

ರಿಪೋರ್ಟುಗಳನ್ನು ಪಕ್ಕಕ್ಕಿಟ್ಟು ಮೊದಲು ಕೈ ಮುಟ್ಟಿ ನೋಡಿ. ಮೂರು ತಿಂಗಳು ದಾಟಿದ ಚಿಕೂನ್‌ಗುನ್ಯಾದಲ್ಲಿ ತೀರ್ಮಾನವಾಗಬೇಕಾದ್ದು ಒಂದೇ: ಕೀಲಿನೊಳಗೆ ಉರಿಯೂತ ಇದೆಯೋ, ಬರೀ ನೋವು ಉಳಿದಿದೆಯೋ. ಮುಂದಿನ ಔಷಧವೆಲ್ಲ ಇದರ ಮೇಲೆ ನಿಂತಿದೆ.

ರೋಗಿಯ ಅಂಗೈಯನ್ನು, ಕೈಕುಲುಕುವಾಗ ಹಿಡಿಯುವ ಹಾಗೆ, ನಾಲ್ಕು ಬೆರಳ ಬುಡದ ಗೆಣ್ಣುಗಳ ಮೇಲೆ ಅಡ್ಡಲಾಗಿ ಹಿಡಿದು ಮೆಲ್ಲಗೆ ಅಮುಕಿ. ಮುಖ ಕಿವುಚಿದರೆ ಒಂದೊಂದೇ ಗೆಣ್ಣನ್ನು ನಿಮ್ಮ ಎರಡು ಹೆಬ್ಬೆರಳಿಂದ ಒತ್ತಿ ನೋಡಿ. ಎಲುಬಿನ ಅಂಚು ಖಚಿತವಾಗಿ ಸಿಕ್ಕರೆ ಊತವಿಲ್ಲ. ನೆನೆದ ಹತ್ತಿಯ ಉಂಡೆ ಒತ್ತಿದಂತೆ ಮೆತ್ತಗಾಗಿ ಅಂಚು ಕೈಗೆ ಸಿಗದಿದ್ದರೆ ಅದು ಸೈನೋವೈಟಿಸ್, ಅಂದರೆ ಕೀಲಿನ ಒಳಪೊರೆಯ ಉರಿಯೂತ. ಮಣಿಕಟ್ಟಿನ ಹಿಂಬದಿಯಲ್ಲಿ ಉದ್ದುದ್ದಕ್ಕೆ ಊದಿಕೊಂಡು, ಬೆರಳು ಆಡಿಸಿದಾಗ ಊತವೂ ಜೊತೆಗೆ ಸರಿದರೆ ಅದು ಕೀಲಿನದಲ್ಲ, ಸ್ನಾಯುರಜ್ಜುವಿನ ಪೊರೆಯದು. ಚಿಕೂನ್‌ಗುನ್ಯಾದಲ್ಲಿ ಇದು ಬಹಳ ಸಾಮಾನ್ಯ, ಆದರೂ ನೋಡುವವರು ಕಡಿಮೆ. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತದಾ ಅಂತಲೂ ಕೇಳಿ. ಆ ಪೊರೆಯ ಊತ ಅಂಗೈ ಬದಿಗಿದ್ದರೆ ಕಾರ್ಪಲ್ ಟನಲ್‌ನಲ್ಲಿ ನರ ಸಿಕ್ಕಿಕೊಳ್ಳುತ್ತದೆ.

ಆರ್‌ಎ ಫ್ಯಾಕ್ಟರ್ 28ಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ವೈರಲ್ ಸೋಂಕಿನ ಬೆನ್ನಿಗೆ ಅದು ಹೀಗೆ ಸ್ವಲ್ಪ ಏರುವುದುಂಟು. ಆ್ಯಂಟಿ ಸಿಸಿಪಿ (ಆರ್‌ಎಯನ್ನು ಹೆಚ್ಚು ಖಚಿತವಾಗಿ ಹೇಳುವ ಪ್ರತಿಕಾಯ ಪರೀಕ್ಷೆ) ಮಾಡಿಸಿ, ಎರಡೂ ಕೈ ಮತ್ತು ಪಾದದ ಎಕ್ಸ್‌ರೇ ತೆಗೆಸಿಡಿ. ಸಿಸಿಪಿ ನೆಗೆಟಿವ್ ಇದ್ದು ಎಲುಬು ಸವೆದಿಲ್ಲ ಅಂದರೆ "ಚಿಕೂನ್‌ಗುನ್ಯಾ ನಂತರದ ಸಂಧಿವಾತ" ಎಂದೇ ಚೀಟಿಯಲ್ಲಿ ಬರೆಯಿರಿ. ತೊಡಕು ಏನೆಂದರೆ, ಎರಡೂ ಕೈಯ ಸಣ್ಣ ಕೀಲು, ಆರು ವಾರ ದಾಟಿದ ಅವಧಿ, ಏರಿದ ಇಎಸ್‌ಆರ್ ಇಷ್ಟಿದ್ದರೆ ಆರ್‌ಎ ಗುರುತಿಸಲು ಅಮೆರಿಕ ಮತ್ತು ಯೂರೋಪಿನ ಕೀಲುರೋಗ ಸಂಘಗಳು ಮಾಡಿದ 2010ರ ಎಸಿಆರ್-ಯೂಲಾರ್ ಅಂಕಪಟ್ಟಿಯಲ್ಲಿ ಚಿಕೂನ್‌ಗುನ್ಯಾದವರೂ ಸಲೀಸಾಗಿ ಆರ್‌ಎ ಆಗಿಬಿಡುತ್ತಾರೆ. ಅಂಕ ಎಣಿಸುವ ಮುಂಚೆ ಬೇರೆ ಕಾರಣ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ ಅಂತ ಆ ಪಟ್ಟಿಯೇ ಹೇಳುತ್ತದೆ. ಆ ಸಾಲನ್ನು ಓದುವವರಿಲ್ಲ ಅಷ್ಟೆ. ಯೂರಿಕ್ ಆ್ಯಸಿಡ್ 6.1ಕ್ಕೆ ಇಲ್ಲಿ ಕೆಲಸವಿಲ್ಲ.

ಪ್ಯಾರಾಸಿಟಮಾಲ್ ಲೆಕ್ಕ ನೋಡಿ: ಆ ಜೋಡಿ ಮಾತ್ರೆಯಲ್ಲಿ ಸಾಮಾನ್ಯವಾಗಿ ತಲಾ 325 ಇರುತ್ತದೆ. 2 × 325, ಮೇಲೆ 4 × 650, ಒಟ್ಟು 3,250 ಮಿ.ಗ್ರಾಂ, ಅದೂ ತಿಂಗಳುಗಟ್ಟಲೆ. ಎಸ್‌ಜಿಪಿಟಿ (ಯಕೃತ್ತಿನ ಪರೀಕ್ಷೆ), ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ) ಈಗಲೇ ನೋಡಿ. ಮೆಥೋಟ್ರೆಕ್ಸೇಟ್‌ಗೆ ಹೇಗೂ ಬೇಕು.

---

ಎಲೈಸಾ_ತಟ್ಟೆ ಉತ್ತರ:

ಐಜಿಎಂ ಮತ್ತೆ ಬೇಡ, ದುಡ್ಡು ದಂಡ. ಐದನೇ ದಿನದ ಹೊತ್ತಿಗೆ ಕಾಣಿಸಿಕೊಂಡು ತಿಂಗಳುಗಟ್ಟಲೆ ಉಳಿಯುತ್ತದೆ. 14ನೇ ವಾರದಲ್ಲಿ ಪಾಸಿಟಿವ್ ಬಂದರೆ "ವೈರಸ್ ಇನ್ನೂ ಇದೆ" ಎಂದು ರೋಗಿ ಹೆದರುವುದಷ್ಟೇ ಲಾಭ. ಆರ್‌ಟಿ-ಪಿಸಿಆರ್‌ಗೆ ಬೆಲೆ ಇರುವುದು ಜ್ವರದ ಮೊದಲ ವಾರ ಮಾತ್ರ. ಐಜಿಜಿ (ಹಳೇ ಸೋಂಕಿನ ಗುರುತಾಗಿ ಉಳಿಯುವ ಪ್ರತಿಕಾಯ) ಅಂತೂ ಬೇಡವೇ ಬೇಡ: 2006ರಲ್ಲಿ ಕರ್ನಾಟಕದಲ್ಲೇ 7.5 ಲಕ್ಷ ಶಂಕಿತ ಪ್ರಕರಣ ದಾಖಲಾಗಿದ್ದವು, ಆಗ ಬಂದವರಿಗೆ ಈಗಲೂ ಐಜಿಜಿ ಇರಬಹುದು. (ಆಗ ಹೆಸರು ಕೇಳಿ ಕೆಲವರು ಕೋಳಿ ತಿನ್ನುವುದನ್ನೇ ಬಿಟ್ಟಿದ್ದರು. ಹೆಸರಿಗೂ ಕೋಳಿಗೂ ಸಂಬಂಧವಿಲ್ಲ. ತಾಂಜಾನಿಯಾದ ಮಕೊಂಡೆ ನುಡಿಯಲ್ಲಿ ಅದಕ್ಕೆ ಬಾಗಿಹೋಗುವುದು ಎಂಬ ಅರ್ಥ.)

ಏಳನೇ ದಿನದ ಟೆಸ್ಟ್ ಕಾರ್ಡಿನದೋ (ಸ್ಥಳದಲ್ಲೇ ಮಾಡುವ ತ್ವರಿತ ಪರೀಕ್ಷೆ) ಎಲೈಸಾದ್ದೋ (ಲ್ಯಾಬಿನ ಪರೀಕ್ಷೆ) ಕೇಳಿ. ಕಾರ್ಡ್ ಟೆಸ್ಟ್ ಮೊದಲ ವಾರದಲ್ಲಿ ಬಹಳ ತಪ್ಪಿಸುತ್ತದೆ, ನೆಗೆಟಿವ್ ಬಂದರೆ ನಂಬುವಂತಿಲ್ಲ. ನಿಮ್ಮದು ಪಾಸಿಟಿವ್, ಲಕ್ಷಣವೂ ಹೊಂದುತ್ತದೆ, ಸರಿ.

ಇನ್ನೊಂದು, ನಿಮ್ಮ ರೋಗಿಗೆ ಸಂಬಂಧಿಸಿದ್ದಲ್ಲ: ಆಸ್ಟ್ರೇಲಿಯಾದ ಬ್ರಿಸ್ಬೇನ್ ಕಡೆಯಿಂದ ರಜೆಗೆ ಬಂದವರು ಇದೇ ನೋವು ಹೇಳಿದರೆ ರಾಸ್ ರಿವರ್ ವೈರಸ್ ನೆನಪಿರಲಿ. ಅದೂ ಸೊಳ್ಳೆಯಿಂದ ಬರುವ, ಚಿಕೂನ್‌ಗುನ್ಯಾದ ಗುಂಪಿನದೇ ಆದ ಆಲ್ಫಾವೈರಸ್, ಚಿಕೂನ್‌ಗುನ್ಯಾ ಐಜಿಎಂ ಅದಕ್ಕೂ ಅಡ್ಡಪಾಸಿಟಿವ್ ಆಗಬಹುದು.

---

ತಾಲ್ಲೂಕು_ಓಪಿಡಿ:

ನೀವು ಹೇಳಿದ ಹಾಗೆ ಅಮುಕಿ ನೋಡಿದೆ. ಎರಡೂ ಕೈಯಲ್ಲಿ ತೋರುಬೆರಳು, ನಡುಬೆರಳ ಬುಡ ಮೆತ್ತಗಿದೆ. ಬಲ ಮಣಿಕಟ್ಟಿನ ಹಿಂದೆ ಸರಿಯುವ ಊತವೂ ಇದೆ. ಸಿಸಿಪಿ ನೆಗೆಟಿವ್. ಇಂಜೆಕ್ಷನ್ ಯಾವುದೆಂದು ಮಾತ್ರ ಇನ್ನೂ ಗೊತ್ತಾಗಿಲ್ಲ.

---

ಗೆಣ್ಣುಗಂಟು:

ಸಿರಿಂಜಿನಲ್ಲಿದ್ದದ್ದು ಹಾಲಿನಂತೆ ಬಿಳಿಯೋ ನೀರಿನಂತೆ ತಿಳಿಯೋ ಕೇಳಿ. ಬಿಳಿಯಾಗಿದ್ದು ಒಂದು ಸಲಕ್ಕೆ ಎರಡು-ಮೂರು ವಾರ ಹಾಯೆನಿಸಿದರೆ ಡಿಪೋ ಸ್ಟೆರಾಯ್ಡ್ (ಮೈಯಲ್ಲಿ ನಿಧಾನವಾಗಿ ಬಿಡುಗಡೆಯಾಗುವಂಥದ್ದು). ತಿಳಿಯಾಗಿದ್ದು ಎರಡು ದಿನ ಹಾರಾಡುವಂತಾಗಿ ಆಮೇಲೆ ಮತ್ತೆ ಹಾಸಿಗೆ ಹಿಡಿದರೆ ಡೆಕ್ಸಾ (ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್) ಇರಬಹುದು. ವಾರವಾರ ಬಿದ್ದಿದ್ದರೆ ತಟ್ಟನೆ ನಿಲ್ಲಿಸಬೇಡಿ, ಮೈಯದೇ ಸ್ಟೆರಾಯ್ಡ್ ತಯಾರಿಸುವ ಅಡ್ರಿನಲ್ ಗ್ರಂಥಿ ಮಲಗಿರಬಹುದು. ಪ್ರೆಡ್ನಿಸೊಲೋನ್ (ಸ್ಟೆರಾಯ್ಡ್ ಮಾತ್ರೆ) 10 ಮಿ.ಗ್ರಾಂ ಬೆಳಿಗ್ಗೆ ತಿಂಡಿಯ ನಂತರ ಕೊಟ್ಟು, ಕೆಲವು ವಾರಗಳಲ್ಲಿ ಇಳಿಸುತ್ತಾ ನಿಲ್ಲಿಸಿ. ಸಕ್ಕರೆ ಕಾಯಿಲೆಯವರಾದ್ದರಿಂದ ಬರಿ ಹೊಟ್ಟೆಯ ಶುಗರ್ ನೋಡಿ ಸಮಾಧಾನಪಡಬೇಡಿ. ಬೆಳಗಿನ ಸ್ಟೆರಾಯ್ಡ್ ಏರಿಸುವುದು ಮಧ್ಯಾಹ್ನ ಊಟದ ನಂತರದ್ದನ್ನು.

ನಿಜವಾದ ಊತ ಇದೆ, ಮೂರು ತಿಂಗಳು ಕಳೆದಿದೆ: ಮೆಥೋಟ್ರೆಕ್ಸೇಟ್ ಯೋಚಿಸಬಹುದು, ರುಮಟಾಲಜಿಸ್ಟ್ (ಕೀಲುರೋಗ ತಜ್ಞರು) ಒಮ್ಮೆ ನೋಡಿದ ಮೇಲೆ. ಮೊದಲು ರಕ್ತಕಣಗಳ ಎಣಿಕೆ, ಎಸ್‌ಜಿಪಿಟಿ, ಕ್ರಿಯಾಟಿನಿನ್, ಹೆಪಟೈಟಿಸ್ ಬಿ ಮತ್ತು ಸಿ, ಎದೆಯ ಎಕ್ಸ್‌ರೇ. ಸಾಮಾನ್ಯವಾಗಿ ವಾರಕ್ಕೆ 7.5ರಿಂದ 10 ಮಿ.ಗ್ರಾಂಗೆ ಶುರು. ಗುಣ ಕಾಣಲು ಆರರಿಂದ ಎಂಟು ವಾರ ಬೇಕು, ಇದನ್ನು ಮೊದಲೇ ಹೇಳದಿದ್ದರೆ ಮೂರನೇ ವಾರಕ್ಕೆ ಮತ್ತೆ ಇಂಜೆಕ್ಷನ್ ಕಡೆ ಓಡುತ್ತಾರೆ. ಮಲೇರಿಯಾ ಮಾತ್ರೆ ಕ್ಲೋರೋಕ್ವಿನ್ ಜ್ವರದ ದಿನಗಳಲ್ಲಿ ಕೊಟ್ಟರೆ ನೋವು ಉಳಿಯುವುದಿಲ್ಲ ಎಂಬ ನಂಬಿಕೆಯನ್ನು ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಪ್ರಯೋಗವೇ ಸುಳ್ಳು ಮಾಡಿತು.

---

ಬೆರಳುಬಲ ಉತ್ತರ:

ಫಿಸಿಯೋ ಕಡೆಯಿಂದ. ಊತವಿರುವ ಕೈಗೆ ರಬ್ಬರ್ ಚೆಂಡು ಕೊಡಬೇಡಿ, ದಯವಿಟ್ಟು. ಗಟ್ಟಿಯಾಗಿ ಹಿಂಡಿದಷ್ಟೂ ಸ್ನಾಯುರಜ್ಜುವಿನ ಪೊರೆ ಉಜ್ಜಿ ಇನ್ನೂ ಊದುತ್ತದೆ.

ಬೆಳಿಗ್ಗೆ ಉಗುರುಬೆಚ್ಚಗಿಂತ ತುಸು ಬಿಸಿ ನೀರಿನ ಬೋಗುಣಿಯಲ್ಲಿ ಹತ್ತು ನಿಮಿಷ ಕೈ ಅದ್ದಿ. ಸಕ್ಕರೆ ಕಾಯಿಲೆಯವರಿಗೆ ಸ್ಪರ್ಶ ಕಡಿಮೆ ಇರಬಹುದು, ನೀರಿನ ಬಿಸಿಯನ್ನು ಮನೆಯ ಬೇರೆಯವರು ನೋಡಲಿ. ನೀರಿನೊಳಗೇ ಬೆರಳು ನೆಟ್ಟಗೆ, ಆಮೇಲೆ ಕೊಕ್ಕೆಯಂತೆ, ಆಮೇಲೆ ಆಗುವಷ್ಟು ಮುಷ್ಟಿ. ಐದೈದು ಸಲ, ದಿನಕ್ಕೆ ಮೂರು ಹೊತ್ತು. ಮಾಡಿದ ನೋವು ಎರಡು ಗಂಟೆ ಕಳೆದರೂ ಇಳಿಯದಿದ್ದರೆ ಮರುದಿನ ಅರ್ಧ ಮಾಡಿ, ಪೂರ್ತಿ ಬಿಡಬೇಡಿ. ಊತ ಇಳಿದ ಮೇಲೆ ಬಲಕ್ಕೆ ಮೆತ್ತಗೆ ಕಲಸಿದ ಚಪಾತಿ ಹಿಟ್ಟಿನ ಉಂಡೆ ಸಾಕು.

ಬಟ್ಟೆ ಹಿಂಡುವುದು ಮಣಿಕಟ್ಟಿಗೆ ಎಲ್ಲಕ್ಕಿಂತ ಕೆಟ್ಟದ್ದು. ನಲ್ಲಿಗೆ ಸುತ್ತಿ ಒಂದು ಕಡೆ ಎಳೆದರೆ ಆಯ್ತು, ಇಲ್ಲ ಸೋರುವಂತೆಯೇ ಹರವಿ. ಈಳಿಗೆಮಣೆ ಮೇಲೆ ಕೂತು ಕಾಯಿ ತುರಿಯುವುದು ಪಾದದ ಕೀಲಿಗೂ ಕೈಗೂ ಒಟ್ಟಿಗೆ ಹೊಡೆತ, ಮಿಕ್ಸಿಗೆ ಹಾಕಲಿ. ಮನೆಯೊಳಗೂ ಎಂಸಿಆರ್ (ಮೆತ್ತನೆ ರಬ್ಬರಿನ) ಚಪ್ಪಲಿ. ಜೋಮು ಇದ್ದರೆ ರಾತ್ರಿ ಮಾತ್ರ ಮಣಿಕಟ್ಟು ನೆಟ್ಟಗಿರುವಂತೆ ಸ್ಪ್ಲಿಂಟ್. ಹಗಲೆಲ್ಲ ಕಟ್ಟಿಕೊಂಡರೆ ಕೀಲು ಸೆಟೆದುಕೊಳ್ಳುತ್ತದೆ.

---

ತಾಲ್ಲೂಕು_ಓಪಿಡಿ:

ಬಿಳಿ ಇಂಜೆಕ್ಷನ್ನೇ, ಐದು ಆಗಿದೆಯಂತೆ. ರೆಫರ್ ಮಾಡುತ್ತಿದ್ದೇನೆ. ಮೆಥೋಟ್ರೆಕ್ಸೇಟ್‌ನ ಅಡ್ಡಪರಿಣಾಮ ತಗ್ಗಿಸುವ ಫೋಲಿಕ್ ಆ್ಯಸಿಡ್ ಅದೇ ದಿನ ಕೊಡಬಹುದೇ?

---

ಗೆಣ್ಣುಗಂಟು:

ಬೇರೆ ದಿನ ಕೊಡಿ, ವಾರಕ್ಕೆ 5 ಮಿ.ಗ್ರಾಂ. ಚೀಟಿಯಲ್ಲಿ "ವಾರಕ್ಕೊಮ್ಮೆ" ಎಂದಷ್ಟೇ ಬರೆದರೆ ಸಾಲದು. "ಮೆಥೋಟ್ರೆಕ್ಸೇಟ್ ಭಾನುವಾರ ಮಾತ್ರ, ಫೋಲಿಕ್ ಬುಧವಾರ ಮಾತ್ರ" ಎಂದು ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಬರೆದು, ಒಂದು ಸಲಕ್ಕೆ ನಾಲ್ಕು ವಾರದ್ದು ಮಾತ್ರ ಕೊಡಿಸಿ. ಮೆಥೋಟ್ರೆಕ್ಸೇಟನ್ನು ದಿನಾ ನುಂಗಿ ಬಾಯೆಲ್ಲ ಹುಣ್ಣಾಗಿ ರಕ್ತಕಣ ಕುಸಿದು ಬರುವವರಿದ್ದಾರೆ. ಮೂತ್ರದ ಸೋಂಕೆಂದು ಯಾರಾದರೂ ಕೋ-ಟ್ರೈಮೊಕ್ಸಜೋಲ್ ಎಂಬ ಆ್ಯಂಟಿಬಯೋಟಿಕ್ ಬರೆದರೂ ಅದೇ ಗತಿ, ಆ ಹೆಸರನ್ನೂ ಚೀಟಿಯ ಮೇಲೆ ಬರೆದು ಕೆಂಪು ಗೆರೆ ಎಳೆಯಿರಿ.